ಶ್ರೀಕಾರ ಹಾಕದ ಪೆನ್ನು

ನಮ್ಮ ಬಳಗದಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಲಗ್ನಪತ್ರಿಕೆಯ ಕವರುಗಳ ಮೇಲೆ ಹೆಸರು ಬರೆಯುವ ಕೆಲಸ ನನ್ನ ಪಾಲಿಗೆ ಬರುತ್ತದೆ. ದುಡ್ಡು ಕೇಳಿದರೆ ಹಿಂದೆ ಮುಂದೆ ನೋಡುತ್ತಾನೆ, ಓಡಾಡು ಅಂದರೆ ಮಂಡಿ ಹಿಡಿದುಕೊಳ್ಳುತ್ತಾನೆ, ಅಡಿಗೆಯವರ ಹತ್ತಿರ ಮಾತಾಡಲು ಕಳಿಸಿದರೆ ಅವರು ಹೇಳಿದ ರೇಟಿಗೆ ಹೂಂಗುಟ್ಟಿ ಬರುತ್ತಾನೆ. ಇನ್ನು ಉಳಿದಿರುವುದು ಅಕ್ಷರವೊಂದೇ, ಅದನ್ನಾದರೂ ದುಡಿಸಿಕೊಳ್ಳೋಣ ಎಂಬುದು ಅವರ ಲೆಕ್ಕ. ನನಗೂ ಬೇಸರವಿಲ್ಲ. ಶ್ಯಾನುಭೋಗರ ಮಗ ನಾನು. ಅಪ್ಪನ ಅಕ್ಷರದಲ್ಲಿ ಕಾಲುಭಾಗ ನನಗೆ ಬಂದಿದ್ದರೂ ಈ ಬಾಲ್‌ಪೆನ್ನಿನ ಕಾಲದಲ್ಲಿ ಅದು ಬಂಗಾರವೇ.

ಕಳೆದ ವೈಶಾಖದಲ್ಲಿ ತಂಗಿಯ ಮಗಳ ಮದುವೆ. ಚೈತ್ರದಲ್ಲೇ ತಂಗಿ ನಾನೂರು ಕವರುಗಳ ಕಟ್ಟು ತಂದು ಊಟದ ಮೇಜಿನ ಮೇಲಿಟ್ಟಳು. "ಅಣ್ಣಯ್ಯ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ತಂದಿದೀನಿ. ನೀನು ಹೆಸರು ಬರೆದುಬಿಟ್ರೆ ಭಾನುವಾರದಿಂದ ಹಂಚೋಕೆ ಹೊರಡಬಹುದು" ಅಂದಳು. ಕಾಫಿ ಕುಡಿದು ಹೊರಟೂ ಹೋದಳು. ಆಗ ನನ್ನ ಹತ್ತಿರ ಹೊಸ ಪೆನ್ನೊಂದಿತ್ತು. ಜಪಾನಿನಲ್ಲಿರುವ ಮಗಳು ತಂದುಕೊಟ್ಟದ್ದು. ನಿಬ್ಬು ಎಷ್ಟು ಸಣ್ಣದೆಂದರೆ ಸೂಜಿಯ ಪಕ್ಕದಲ್ಲಿಟ್ಟರೆ ಸೂಜಿಯೇ ದಪ್ಪಗಿದೆ ಅನ್ನಿಸಬೇಕು. ಇಂಥ ಪೆನ್ನು ಕೈಯಲ್ಲಿರುವಾಗ ನಾನೂರು ಹೆಸರೇನು, ಮತದಾರರ ಪಟ್ಟಿಯನ್ನೇ ಬರೆದೇನು ಎಂಬ ಹುಮ್ಮಸ್ಸಿನಲ್ಲಿ ಕೂತೆ.

ಮೊದಲ ಕವರು. ಪಟ್ಟಿ ನೋಡಿದೆ, ಪೆನ್ನು ಊರಿದೆ, 'ಶ್ರೀ' ಬರೆದೆ. ಅಂದರೆ ಬರೆದ ಹಾಗೆ ಕೈ ಆಡಿಸಿದೆ. ಕಾಗದದ ಮೇಲೆ ಶಕಾರದ ಮೊದಲ ಅರ್ಧ ಇರಲಿಲ್ಲ. ಎಲ್ಲಿಂದಲೋ ನಡುವೆ ಶುರುವಾದ ಒಂದು ಸುತ್ತು, ಅದರ ಮೇಲೆ ಗುಡಿಸು, ಕೆಳಗೆ ಒತ್ತು ಮಾತ್ರ ಇದ್ದವು. ರುಂಡವಿಲ್ಲದ ಮುಂಡಕ್ಕೆ ಪೇಟ ಕಟ್ಟಿದ ಹಾಗೆ. ತಿದ್ದಿದೆ. ಮುಂದಿನ ಅಕ್ಷರಗಳು ಮಾತ್ರ ಸರಾಗ. ಎರಡನೆಯ ಕವರು ಎತ್ತಿಕೊಂಡು, ಪಟ್ಟಿಯಲ್ಲಿ ಮುಂದಿನ ಹೆಸರು ಹುಡುಕಿ, ಊರಿದರೆ ಮತ್ತೆ ಅದೇ ಕತೆ. ಲಗ್ನಪತ್ರಿಕೆಯ ಕವರಿನಲ್ಲಿ ಪ್ರತಿಯೊಬ್ಬರ ಹೆಸರೂ 'ಶ್ರೀಮತಿ ಮತ್ತು ಶ್ರೀ' ಎಂದೇ ಶುರುವಾಗಬೇಕಲ್ಲ. ಮೂವತ್ತೇಳು ಕವರು ಬರೆಯುವ ಹೊತ್ತಿಗೆ ಮೂವತ್ತೇಳು ದಂಪತಿಗಳ ಶ್ರೀ ಊನವಾಗಿತ್ತು. ಶ್ರೀ ಅಂದರೆ ಲಕ್ಷ್ಮಿ. ಇದನ್ನು ತಂಗಿಗೆ ತೋರಿಸುವ ಧೈರ್ಯ ನನಗಿರಲಿಲ್ಲ.

ಪೆನ್ನು ಬರೆಯದಿದ್ದರೆ ನಮ್ಮ ಕಾಲದವರು ಮಾಡುವುದು ಮೂರು ಕೆಲಸ. ಮೊದಲು ನೆಲಕ್ಕೆ ಕೊಡವುವುದು. ಅದು ಕೈಗೂಡದಿದ್ದರೆ ನಿಬ್ಬನ್ನು ನಾಲಗೆಗೆ ಮುಟ್ಟಿಸಿ ಒದ್ದೆ ಮಾಡುವುದು. ಕೊನೆಗೆ ಬ್ಲೇಡು. ಕೊಡವಿದ್ದಕ್ಕೆ ಹೆಂಡತಿ "ಏನ್ರೀ ಇದು, ಮೊನ್ನೆ ತಾನೇ ಗೋಡೆಗೆ ಬಣ್ಣ ಹೊಡೆಸಿದ್ದು" ಅಂದಳು. ನಾಲಗೆಗೆ ಮುಟ್ಟಿಸಿದ್ದಕ್ಕೆ ಆ ದಿನವಿಡೀ ನನ್ನ ನಾಲಗೆ ನೀಲಿಯಾಗಿತ್ತು. ಬ್ಲೇಡಿಗೆ ಕೈ ಹಾಕಲಿಲ್ಲ. ಅದಕ್ಕೆ ಕಾರಣವಿದೆ, ಹೇಳುತ್ತೇನೆ.

ಹದಿಮೂರರ ವಯಸ್ಸಿನಲ್ಲಿ ಅಪ್ಪನ ಪೆನ್ನಿಗೆ ನಾನು ವೈದ್ಯ ಮಾಡಿದ್ದೆ. ಚಿನ್ನದ ನಿಬ್ಬಿನ ಪೆನ್ನು. ಅಪ್ಪ ಅದರಲ್ಲಿ ಸಾಸಿವೆಕಾಳಿನಷ್ಟು ಸಣ್ಣ ಅಕ್ಷರ ಬರೆಯುತ್ತಿದ್ದರು. ಒಂದು ದಿನ ಅವರು ತಾಲ್ಲೂಕು ಕಚೇರಿಗೆ ಹೋಗಿದ್ದಾಗ ಕದ್ದು ಬರೆಯಲು ನೋಡಿದೆ, ಮಸಿ ಇಳಿಯಲಿಲ್ಲ. ಸ್ಕೂಲಿನಲ್ಲಿ ನಮ್ಮ ಎರಡು ರೂಪಾಯಿಯ ಪೆನ್ನುಗಳಿಗೆ ಮಾಡುತ್ತಿದ್ದ ಹಾಗೆಯೇ ಕ್ಷೌರದ ಬ್ಲೇಡಿನ ಅಂಚನ್ನು ನಿಬ್ಬಿನ ಸೀಳಿಗೆ ತೂರಿಸಿ ಎರಡು ಸಲ ಮೇಲೆ ಕೆಳಗೆ ಆಡಿಸಿದೆ. ಮೊದಲ ಎರಡು ಸಾಲು ಹೊಳೆ ಬಂದ ಹಾಗೆ ಬಂತು. ನನ್ನ ಕೈಗುಣಕ್ಕೆ ನಾನೇ ಹಿಗ್ಗಿ ಇನ್ನೊಮ್ಮೆ ಆಡಿಸಿದೆ. ಆಮೇಲೆ ಬರಗಾಲ. ನಿಬ್ಬಿನ ಎರಡು ಕವಲುಗಳು ಮುನಿಸಿಕೊಂಡ ಅಣ್ಣತಮ್ಮಂದಿರ ಹಾಗೆ ಒಂದೊಂದು ಕಡೆ ತಿರುಗಿ ನಿಂತಿದ್ದವು. ಅಪ್ಪ ಬಂದು ನೋಡಿದರು. ಬೈಯಲಿಲ್ಲ. ಕ್ಯಾಪು ಹಾಕಿ ಟ್ರಂಕಿನಲ್ಲಿಟ್ಟರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ನಾನು ಮಾಡಿದ್ದೇನೆಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಕ್ಷೌರದ ಬ್ಲೇಡು ಸುಮಾರು 0.1 ಮಿಲಿಮೀಟರು ದಪ್ಪ. ನಿಬ್ಬು ಬಲ್ಲವರು ಸೀಳು ಶುಚಿ ಮಾಡಲು ಬಳಸುವ ಹಿತ್ತಾಳೆಯ ತೆಳು ಹಾಳೆ ಅದರ ಅರ್ಧ, 0.05. ಅದಕ್ಕೆ ಹರಿತವಾದ ಅಂಚೂ ಇಲ್ಲ, ಚಿನ್ನವನ್ನು ಗೀರುವ ಗಡಸೂ ಇಲ್ಲ. ಅಷ್ಟೇ ಅಲ್ಲ, ನಿಬ್ಬಿನ ಸೀಳು ಮೇಲಿನ ಸಣ್ಣ ತೂತಿನಿಂದ ಮೊನೆಯ ಕಡೆಗೆ ಕಿರಿದಾಗುತ್ತಾ ಬರಬೇಕು. ಕಿರಿದಾದಷ್ಟೂ ಮಸಿಗೆ ಎಳೆತ ಹೆಚ್ಚು. ಬತ್ತಿಯಲ್ಲಿ ಎಣ್ಣೆ ಏರುವುದೂ ಇದೇ ಕಾರಣಕ್ಕೆ. ಮೊನೆಯಲ್ಲಿ ಬಾಯಿ ತೀರಾ ಅಗಲವಾಯಿತೋ, ಮಸಿ ಅಲ್ಲಿವರೆಗೆ ಬರುವ ಗೋಜಿಗೇ ಹೋಗುವುದಿಲ್ಲ, ಹಿಂದೆಯೇ ನಿಂತುಬಿಡುತ್ತದೆ. ಮಸಿ ಬರಲಿ ಎಂದು ದಾರಿ ಅಗಲ ಮಾಡಿ ಬರುವುದನ್ನೂ ನಿಲ್ಲಿಸಿದ್ದೆ. ರಸ್ತೆ ಅಗಲ ಮಾಡುವವರಿಗೂ ಆಗಾಗ ಹೀಗಾಗುವುದನ್ನು ನಮ್ಮ ಬಡಾವಣೆಯಲ್ಲಿ ಕಂಡಿದ್ದೇನೆ, ಅದು ಬೇರೆ ಮಾತು.

ಪೆನ್ನಿನಲ್ಲಿ ಮಸಿ ಕೆಳಗಿಳಿಯುವುದನ್ನು ನಾವು ಸಹಜವೆಂದುಕೊಂಡಿದ್ದೇವೆ. ನೀರು ತಗ್ಗಿಗೆ ಹರಿಯುವುದಿಲ್ಲವೇ, ಹಾಗೆ ಅಂತ. ಆದರೆ ಎಳನೀರಿಗೆ ಒಂದೇ ಸಣ್ಣ ತೂತು ಮಾಡಿ ತಲೆಕೆಳಗು ಹಿಡಿದು ನೋಡಿ, ನೀರು ಗುಳುಕ್ ಅಂದು ನಿಂತುಬಿಡುತ್ತದೆ. ಎಣ್ಣೆ ಡಬ್ಬಕ್ಕೆ ನಮ್ಮಮ್ಮ ಎರಡು ತೂತು ಹೊಡೆಯುತ್ತಿದ್ದರು, ಒಂದು ಎಣ್ಣೆಗೆ, ಇನ್ನೊಂದು ಗಾಳಿಗೆ. ಒಳಗೆ ಗಾಳಿ ಹೋಗದೆ ಹೊರಗೆ ಎಣ್ಣೆ ಬಾರದು. ಗಾಳಿ ಬೇಕಾಬಿಟ್ಟಿ ಹೋದರೆ ಎಣ್ಣೆ ನೆಲದ ಪಾಲು. ಪೆನ್ನಿನಲ್ಲಿ ಈ ಕೊಡುಕೊಳ್ಳುವ ವ್ಯವಹಾರ ನೋಡಿಕೊಳ್ಳುವುದು ನಿಬ್ಬಿನ ಹೊಟ್ಟೆಗೆ ಅಂಟಿಕೊಂಡಿರುವ ಕಪ್ಪು ಕಡ್ಡಿ. ನಾವು ಸ್ಕೂಲಿನಲ್ಲಿ ಅದನ್ನು ನಾಲಗೆ ಅನ್ನುತ್ತಿದ್ದೆವು. ಅದರ ಬೆನ್ನ ಮೇಲೆ ಕೂದಲೆಳೆಯಂಥ ಗೀರುಗಳಿರುತ್ತವೆ. ಮಸಿ ಇಳಿಯುವುದೂ ಗಾಳಿ ಏರುವುದೂ ಅಲ್ಲಿಯೇ. ಪಕ್ಕದಲ್ಲಿರುವ ಬಾಚಣಿಗೆಯಂಥ ಹಲ್ಲುಗಳು ಅಂದಕ್ಕಿಟ್ಟವಲ್ಲ. ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಮಸಿಯನ್ನು ತಳ್ಳಿದಾಗ ಆ ಹೆಚ್ಚುವರಿಯನ್ನು ಹಿಡಿದಿಟ್ಟುಕೊಳ್ಳುವ ಕಣಜ ಅವು. ಹಳೆಯ ಕಾಲದ ಫಿಲ್ಲರಿನಲ್ಲಿ ಮಸಿ ತುಂಬುವ ಪೆನ್ನುಗಳು ಮಸಿ ತಳ ಕಂಡಾಗಲೇ ಜೇಬಿನಲ್ಲಿ ಕಕ್ಕುತ್ತಿದ್ದುದೂ ಇದೇ ಕಾರಣಕ್ಕೆ. ಮಸಿ ಕಡಿಮೆಯಾದಷ್ಟೂ ಗಾಳಿ ಜಾಸ್ತಿ, ಗಾಳಿ ಜಾಸ್ತಿಯಾದಷ್ಟೂ ಹಿಗ್ಗು ಜಾಸ್ತಿ. ಪರೀಕ್ಷೆಯ ದಿನ ಪೂರ್ತಿ ತುಂಬಿಕೊಂಡು ಹೋಗು ಎಂದು ಹಿರಿಯರು ಹೇಳುತ್ತಿದ್ದುದರಲ್ಲಿ ಇಂಥದೊಂದು ವಿಜ್ಞಾನವಿತ್ತು.

ಈ ನಾಲಗೆಯ ಗುಟ್ಟನ್ನು ಅರಿತು 1884ರಲ್ಲಿ ಅಮೆರಿಕದಲ್ಲಿ ಪೇಟೆಂಟು ಪಡೆದವನು ಲೂಯಿಸ್ ಎಡ್ಸನ್ ವಾಟರ್‌ಮನ್. ಅವನು ವಿಮಾ ಏಜೆಂಟನಾಗಿದ್ದಾಗ ಗಿರಾಕಿ ಸಹಿ ಹಾಕುವ ಹೊತ್ತಿಗೆ ಪೆನ್ನು ಮಸಿ ಚೆಲ್ಲಿತು, ಹೊಸ ಕಾಗದ ತರುವಷ್ಟರಲ್ಲಿ ಬೇರೊಬ್ಬ ಏಜೆಂಟು ಆ ಪಾಲಿಸಿ ಹೊಡೆದುಕೊಂಡ, ಆ ಸಿಟ್ಟಿನಲ್ಲಿ ಇವನು ಒಳ್ಳೆಯ ಪೆನ್ನು ಮಾಡಿದ ಎಂದೊಂದು ಕತೆಯಿದೆ. ಪೆನ್ನಿನ ಚರಿತ್ರೆ ಕೆದಕಿದವರು ಇದು ಕಟ್ಟುಕತೆ ಎನ್ನುತ್ತಾರೆ. ಇದ್ದರೂ ಇರಲಿ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕೂತ ನನಗೆ, ಸಹಿ ಹಾಕುವ ಹೊತ್ತಿಗೇ ಪೆನ್ನು ಕೈಕೊಡುತ್ತದೆ ಎಂಬ ಮಾತಿನಲ್ಲಿ ಸುಳ್ಳೇನೂ ಕಾಣುವುದಿಲ್ಲ.

ಸಣ್ಣ ನಿಬ್ಬಿನದು ಕಾಲುವೆಯ ಕೊನೆಯಂಚಿನ ರೈತನ ಪಾಡು. ಮೇಲಿನವರಿಗೆ ನೀರು ಒಂದು ಗೇಣು ಕಡಿಮೆಯಾದರೆ ಗೊತ್ತಾಗುವುದಿಲ್ಲ, ಇವನ ಗದ್ದೆ ಮಾತ್ರ ಬಿರುಕು ಬಿಡುತ್ತದೆ. ದಪ್ಪ ನಿಬ್ಬಿನಲ್ಲಿ ಮಸಿ ಸ್ವಲ್ಪ ಗಟ್ಟಿಯಾಗಿರಲಿ, ನಾಲಗೆಯಲ್ಲಿ ಒಂದಿಷ್ಟು ಕೊಳೆಯಿರಲಿ, ಹೇಗೋ ನಡೆದುಹೋಗುತ್ತದೆ. ಸಣ್ಣ ನಿಬ್ಬು ಯಾವುದನ್ನೂ ಸಹಿಸುವುದಿಲ್ಲ. ಅದರಲ್ಲೂ ಜಪಾನಿನ ಸಣ್ಣ ನಿಬ್ಬು ಯುರೋಪಿನದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಯುರೋಪಿನವರು 'ಮೀಡಿಯಮ್' ಅನ್ನುವುದು ಇವರಿಗೆ ಪೊರಕೆ. ಅವರ ಅಗ್ಗದ ಪೆನ್ನುಗಳಲ್ಲೂ 0.2 ಮಿಲಿಮೀಟರು ಎಂದು ಗುರುತು ಹಾಕಿದ ನಿಬ್ಬು ಸಿಗುತ್ತದೆ. ಅವರ ಅಕ್ಷರಗಳಿಗೆ ಅದು ಬೇಕು. ಮನಸ್ಸಿಗೆ ಕವಿದ ಮಂಕು ಎಂದು ಬರೆಯುವ ಒಂದು ಅಕ್ಷರಕ್ಕೇ 29 ಗೀಟುಗಳಿವೆಯಂತೆ. ಬರೆದು ಮುಗಿಸುವಷ್ಟರಲ್ಲಿ ಇಲ್ಲದ ಮಂಕೂ ಕವಿಯಬೇಕು. ನಮಗೇನು ಕಡಿಮೆಯೇ? 'ಸ್ವಾತಂತ್ರ್ಯ' ಎಂದು ಎರಡು ಗೆರೆಯ ನಡುವೆ ದಪ್ಪ ನಿಬ್ಬಿನಲ್ಲಿ ಬರೆದು ನೋಡಿ. ಕೆಳಗಿನ ಒತ್ತುಗಳೆಲ್ಲ ಕಲಸಿ ಮುದ್ದೆಯಾಗುತ್ತವೆ. ಜತೆಗೆ ನಮ್ಮ ಲಿಪಿಗೆ ನೇರ ಗೀಟುಗಳ ಸಹವಾಸವೇ ಇಲ್ಲ. ತಾಳೆಗರಿಯ ಮೇಲೆ ಕಂಟದಲ್ಲಿ ನೆಟ್ಟಗೆ ಗೀಚಿದರೆ ಗರಿ ಸೀಳುತ್ತಿತ್ತು, ಅದಕ್ಕೇ ಅಕ್ಷರ ದುಂಡಗಾಯಿತು ಎನ್ನುತ್ತಾರೆ. ಹಾಗಾಗಿ ನಿಬ್ಬು ಒಂದೊಂದು ಅಕ್ಷರಕ್ಕೂ ಎಡಕ್ಕೆ, ಕೆಳಕ್ಕೆ, ಬಲಕ್ಕೆ, ಮೇಲಕ್ಕೆ ಎಂದು ಪ್ರದಕ್ಷಿಣೆ ಹಾಕಬೇಕು. ಕವಲುಗಳಲ್ಲಿ ಒಂದು ಕೂದಲಷ್ಟು ಮೇಲೆ ಕೆಳಗಾಗಿದ್ದರೂ ಯಾವುದಾದರೊಂದು ದಿಕ್ಕಿನಲ್ಲಿ ಕೆರೆದೇ ಕೆರೆಯುತ್ತದೆ. ಪೆನ್ನು ಕೊಳ್ಳುವಾಗ ನಾನು ಅಂಗಡಿಯಲ್ಲಿ ನನ್ನ ಸಹಿ ಹಾಕಿ ನೋಡುವುದಿಲ್ಲ. ಠಕಾರ ಬರೆಯುತ್ತೇನೆ, ಹತ್ತು ಹನ್ನೆರಡು. ಅದು ಗೆದ್ದರೆ ಎಲ್ಲ ಗೆದ್ದಂತೆ. ಈ ಪೆನ್ನು ಮಗಳ ಉಡುಗೊರೆಯಾದ್ದರಿಂದ ಠಕಾರದ ಪರೀಕ್ಷೆ ತಪ್ಪಿಸಿಕೊಂಡಿತ್ತು.

ಆ ರಾತ್ರಿ ಕವರುಗಳನ್ನು ಬದಿಗಿಟ್ಟು ಹಳೆಯ ಡೈರಿಯೊಂದನ್ನು ತೆಗೆದು ಪೆನ್ನಿನ ನಾಡಿ ಹಿಡಿದೆ. ಬರೆಯುವುದಿಲ್ಲ ಎನ್ನುವುದು ಕಾಯಿಲೆಯ ಹೆಸರಲ್ಲ, ಹೊಟ್ಟೆನೋವು ಅಂದ ಹಾಗೆ ಅಷ್ಟೆ. ಯಾವಾಗ ಬರೆಯುವುದಿಲ್ಲ ಎನ್ನುವುದನ್ನು ನೋಡಬೇಕು. ಮೊದಲರ್ಧ ಪುಟ ಚೆನ್ನಾಗಿ ಬರೆದು, ಬರಬರುತ್ತಾ ಬಣ್ಣ ತಿಳಿಯಾಗಿ, ಎರಡು ನಿಮಿಷ ಬಿಟ್ಟರೆ ಮತ್ತೆ ಸರಿಹೋಗುತ್ತದೆಯೇ? ಹಾಗಾದರೆ ನಿಬ್ಬಿನ ತಪ್ಪಿಲ್ಲ, ಮೇಲಿನಿಂದ ಸರಬರಾಜಿಲ್ಲ. ಕನ್ವರ್ಟರಿನಲ್ಲಿ, ಅಂದರೆ ಪೆನ್ನಿನೊಳಗಿನ ಮಸಿಕೊಳವೆಯಲ್ಲಿ, ಮಸಿ ಮೇಲ್ತುದಿಗೆ ಅಂಟಿ ಕೂತಿರಬಹುದು. ಆ ಕೊಳವೆ ಸಣ್ಣದು, ಮಸಿಗೆ ಗೋಡೆಯ ಮೋಹ, ಕೆಳಗೆ ಗಾಳಿಯ ಗುಳ್ಳೆ ಕೂತರೆ ಮೇಲೇ ನೇತಾಡುತ್ತದೆ. ಬೆರಳಿನಿಂದ ಎರಡು ಸಲ ತಟ್ಟಿದರೆ ಇಳಿಯುತ್ತದೆ. ಕೆಲವು ಕನ್ವರ್ಟರುಗಳೊಳಗೆ ಒಂದು ಪುಟ್ಟ ಗುಂಡನ್ನೋ ಸ್ಪ್ರಿಂಗನ್ನೋ ಹಾಕಿರುವುದು ಇದಕ್ಕೇ. ನಡುನಡುವೆ, ಪುಟದ ಕೆಲವು ಜಾಗಗಳಲ್ಲಿ ಮಾತ್ರ ತಪ್ಪುತ್ತದೆಯೇ? ಹಾಗಾದರೆ ಕಾಗದವನ್ನು ಅನುಮಾನಿಸಬೇಕು. ಒತ್ತಿ ಬರೆದಾಗ ರೈಲು ಹಳಿಯ ಹಾಗೆ ಎರಡು ಗೆರೆ ಮೂಡಿ ನಡುವೆ ಖಾಲಿಯೇ? ಕವಲು ಅಗಲಿಸಿದಷ್ಟು ಮಸಿ ಒದಗುತ್ತಿಲ್ಲ, ಕೈ ಹಗುರ ಮಾಡಿಕೊಳ್ಳಬೇಕು. ನನ್ನದು ಇವು ಯಾವುದೂ ಅಲ್ಲ. ಶುರುವಿನಲ್ಲಿ ಮಾತ್ರ ಮೌನ, ಒಮ್ಮೆ ಬಾಯಿಬಿಟ್ಟರೆ ನಿರರ್ಗಳ. ನಮ್ಮ ಬೀಗರಲ್ಲೂ ಇಂಥವರೊಬ್ಬರಿದ್ದಾರೆ.

ಮೊದಲ ಅನುಮಾನ ಕೊಳೆಯ ಮೇಲೆ. ಹೊಸ ಪೆನ್ನಿಗೂ ಕೊಳೆಯಿರುತ್ತದೆ. ಕಾರ್ಖಾನೆಯಲ್ಲಿ ಅಚ್ಚು ಹಾಕುವಾಗಿನ ಜಿಡ್ಡು ನಾಲಗೆಯ ಗೀರುಗಳಲ್ಲಿ ಉಳಿದಿದ್ದರೆ ಮಸಿ ಅಲ್ಲಿ ಹರಿಯುವ ಬದಲು ಹನಿಗಟ್ಟುತ್ತದೆ, ಕೆಸುವಿನೆಲೆಯ ಮೇಲೆ ನೀರಿನ ಹಾಗೆ. ಉಗುರುಬೆಚ್ಚನೆಯ ನೀರು, ಪಾತ್ರೆ ತೊಳೆಯುವ ಸೋಪಿನ ಒಂದೇ ಹನಿ. ಸ್ಟೀಲು ಲೋಟದಲ್ಲಿ ಪೆನ್ನಿನ ಕತ್ತನ್ನು ಮುಳುಗಿಸಿಟ್ಟೆ. ಬೆಳಗಾಗುವಷ್ಟರಲ್ಲಿ ಅದೇ ಲೋಟದಲ್ಲಿ ಹೆಂಡತಿ ನೀರು ಕುಡಿಯಲು ಹೋಗಿ, ಅಡಿಗೆಮನೆಯಲ್ಲಿ ಏನೇನು ನಡೆಯಬೇಕೋ ಎಲ್ಲ ನಡೆಯಿತು. ನೀರು ಎತ್ತಿ ನಾಲಗೆಯೊಳಕ್ಕೆ ಒತ್ತಿಬಿಡಲು ಒಂದು ಸಿರಿಂಜು ಬೇಕಿತ್ತು. ಮೆಡಿಕಲ್ ಶಾಪಿನ ಹುಡುಗ "ಯಾರಿಗೆ ಸಾರ್ ಇಂಜೆಕ್ಷನ್ನು?" ಅಂದ. "ಪೆನ್ನಿಗೆ" ಅಂದೆ. ಅವನು ನನ್ನನ್ನು ಒಂದು ಥರಾ ನೋಡಿ ಸೂಜಿ ತೆಗೆದಿಟ್ಟುಕೊಂಡು ಬರೀ ಸಿರಿಂಜು ಕೊಟ್ಟ. ಏಳೆಂಟು ಸಲ ನೀರು ಹಾಯಿಸಿದ ಮೇಲೆ ನೀಲಿ ಹೋಗಿ ತಿಳಿ ಬಂತು.

ಎರಡನೆಯ ಅನುಮಾನ ಮಸಿಯ ಮೇಲೆ. ನಾನು ಹಾಕಿಕೊಂಡಿದ್ದು ಬೀರುವಿನಲ್ಲಿ ಯಾವ ಕಾಲದಿಂದಲೋ ಇದ್ದ ನೀಲಿಗಪ್ಪು. ಹಳೆಯ ಪದ್ಧತಿಯ ನೀಲಿಗಪ್ಪಿನಲ್ಲಿ ಕಬ್ಬಿಣದ ಅಂಶವಿರುತ್ತದೆ. ಕಾಗದದ ಮೇಲೆ ಗಾಳಿ ತಾಕಿ ಕಪ್ಪಾಗಿ ನೂರಾರು ವರ್ಷ ನಿಲ್ಲುವುದು ಅದರ ಗುಣ. ಅದೇ ಕೆಲಸವನ್ನು ನಿಬ್ಬಿನ ಸೀಳಿನಲ್ಲಿ ಮಾಡುವುದು ಅವಗುಣ. ದಾಖಲೆಗೆ ಒಳ್ಳೆಯದು, ವಾರಕ್ಕೊಮ್ಮೆ ಪೆನ್ನು ಮುಟ್ಟುವವನಿಗಲ್ಲ. ಅದನ್ನು ಬಿಟ್ಟು ತೊಳೆದರೆ ಹೋಗುವ ಸಾದಾ ರಾಯಲ್ ಬ್ಲೂ ತಂದೆ. ಸಣ್ಣ ನಿಬ್ಬಿಗೆ ತೆಳುವಾದ, ಸಲೀಸಾಗಿ ಹರಿಯುವ ಮಸಿಯೇ ಸರಿ. ಮಿನುಗುಪುಡಿ ಹಾಕಿದ ಬಣ್ಣಬಣ್ಣದ ಮಸಿಗಳೆಲ್ಲ ದಪ್ಪ ನಿಬ್ಬಿನವರ ಶೋಕಿ. ಡ್ರಾಯಿಂಗಿಗೆ ಬಳಸುವ ಇಂಡಿಯನ್ ಇಂಕನ್ನಂತೂ ಪೆನ್ನಿನ ಹತ್ತಿರಕ್ಕೂ ತರಬಾರದು. ಅದರಲ್ಲಿ ಅರಗಿನಂಥ ಅಂಟು ಇರುತ್ತದೆ, ಒಣಗಿದರೆ ಪೆನ್ನಿಗೆ ತಿಥಿಯೇ. ಅಂಟುವ ಮಸಿಯೇ ಬೇಕಾದರೆ ನಮ್ಮ ಮೈಸೂರಿನದಿದೆ. 1937ರಲ್ಲಿ ಶುರುವಾದ ಅರಗು-ಬಣ್ಣದ ಕಾರ್ಖಾನೆಯಿಂದ 1962ರ ಚುನಾವಣೆಯಿಂದೀಚೆಗೆ ದೇಶದ ಮತದಾರರ ಬೆರಳಿಗೆಲ್ಲ ಹತ್ತುತ್ತಿರುವುದು. ಅದನ್ನು ಹಾಕಲು ಬೇಕಾದದ್ದು ಒಂದು ಕಡ್ಡಿ. ನಿಬ್ಬಿನ ತೊಂದರೆಯೇ ಇಲ್ಲ.

ಸ್ವದೇಶಿಯ ದಿನಗಳಲ್ಲಿ ನಮ್ಮವರು ಇಂಥ ತಲೆನೋವುಗಳನ್ನೆಲ್ಲ ಮೊದಲಿನಿಂದ ಕಲಿಯಬೇಕಾಯಿತು. ರಾಜಮಂಡ್ರಿಯ ಕೆ. ವಿ. ರತ್ನಂ 1932ರಲ್ಲಿ ಪೆನ್ನು ಮಾಡಲು ತೊಡಗಿದರು, 1935ರಲ್ಲಿ ಗಾಂಧೀಜಿ ಅವರ ಪೆನ್ನನ್ನು ಮೆಚ್ಚಿ ಕಾಗದ ಬರೆದರು. ಬಂಗಾಳದಲ್ಲಿ 1934ರಲ್ಲಿ ಸುಲೇಖಾ ಮಸಿ ಬಂತು. ಕೈಯಲ್ಲಿ ಕಡೆದ ಎಬೊನೈಟ್ ಪೆನ್ನುಗಳ ನಾಲಗೆಯೂ ಎಬೊನೈಟಿನದೇ, ಅಂದರೆ ಗಟ್ಟಿ ಮಾಡಿದ ರಬ್ಬರು. ಅದರಲ್ಲೊಂದು ಅನುಕೂಲವಿದೆ. ನಾಲಗೆಗೂ ನಿಬ್ಬಿಗೂ ನಡುವೆ ಸಂದು ಬಿಟ್ಟು ಮಸಿ ತಪ್ಪುತ್ತಿದ್ದರೆ ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದಾಗ ಹೆಬ್ಬೆರಳಲ್ಲಿ ಒತ್ತಿ ಹಿಡಿದರೆ ಕೂತುಕೊಳ್ಳುತ್ತದೆ. ನನ್ನದು ಪ್ಲಾಸ್ಟಿಕ್ಕು. ಅದಕ್ಕೆ ಬಿಸಿನೀರಿನ ಉಪಚಾರ ನಡೆಯುವುದಿಲ್ಲ.

ಹೊಸ ಮಸಿ ತುಂಬಿ ಡೈರಿಯಲ್ಲಿ ಬರೆದೆ. ಮೊದಲಿಗಿಂತ ವಾಸಿ. ಹತ್ತು ಶ್ರೀಗಳಲ್ಲಿ ಆರು ಪೂರ್ಣ. ಉಬ್ಬಿಹೋಗಿ ಕವರಿಗೆ ಬಂದರೆ ಮತ್ತೆ ಸೊನ್ನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಕುಣಿಯುವವರನ್ನು ಹಂಗಿಸುತ್ತೇವೆ. ನೆಲ ನಿಜವಾಗಿಯೂ ಡೊಂಕಿದೆಯೇ ಎಂದು ಬಗ್ಗಿ ನೋಡಿದವರುಂಟೇ? ನಾನು ನೋಡಿದೆ. ಕವರು ಎಣ್ಣೆ ಹಚ್ಚಿದ ಹಾಗೆ ಮಿರುಗುವ ಜಾತಿಯದು. ಅಂಥ ಕಾಗದ ಮಸಿಯನ್ನು ಹೀರುವುದಿಲ್ಲ. ನಿಬ್ಬಿನ ಮೊನೆಯಿಂದ ಮಸಿಯನ್ನು ಹೊರಗೆ ಕರೆಯುವುದರಲ್ಲಿ ಅರ್ಧ ಕೆಲಸ ಕಾಗದದ್ದು. ಅದು ಕರೆಯದಿದ್ದರೆ ಇದು ಬರುವುದಿಲ್ಲ. ಅದರ ಮೇಲೆ ತಂಗಿ ಹಚ್ಚಿದ ಅರಿಶಿನ ಮೂಲೆಯಿಂದ ಉದುರಿ ಇಡೀ ಕವರಿನ ಮೇಲೆ ಧೂಳಾಗಿ ಹರಡಿತ್ತು. ಅದರ ಮೇಲೆ ನನ್ನ ಬೆರಳ ಗುರುತು. ಬರೆಯುವಾಗ ಎಡಗೈಯ ಪಕ್ಕದಲ್ಲಿ ಚಕ್ಕುಲಿಯ ತಟ್ಟೆ ಇತ್ತೆಂಬುದನ್ನು ಇಲ್ಲಿಯವರೆಗೆ ಮುಚ್ಚಿಟ್ಟಿದ್ದೇನೆ. ಚೈತ್ರದ ಬಿಸಿಲು, ತಲೆಯ ಮೇಲೆ ಐದರ ವೇಗದಲ್ಲಿ ಫ್ಯಾನು. ಪಟ್ಟಿಯಲ್ಲಿ ಹೆಸರು ಹುಡುಕುವ ಅರ್ಧ ನಿಮಿಷ ಕ್ಯಾಪಿಲ್ಲದೆ ಹಿಡಿದ ಪೆನ್ನು. ಅಷ್ಟು ಸಣ್ಣ ಮೊನೆಯಲ್ಲಿ ನಿಲ್ಲುವ ಮಸಿಯೇ ಎಷ್ಟು, ಒಣಗದೆ ಇನ್ನೇನಾದೀತು?

ಫ್ಯಾನು ನಿಲ್ಲಿಸಿದೆ. ಚಕ್ಕುಲಿ ದೂರವಿಟ್ಟೆ. ಕೈ ತೊಳೆದೆ. ಮುಂಗೈ ಕೆಳಗೆ ಒಂದು ಹಾಳೆ ಇಟ್ಟುಕೊಂಡೆ. ಹತ್ತರಲ್ಲಿ ಏಳು. ಮೂರು ಶ್ರೀಗಳು ಇನ್ನೂ ಬಾಕಿ. ಅಷ್ಟರಲ್ಲಿ ಶನಿವಾರ ಬಂತು, ತಂಗಿಯ ಮಗಳು ಬಂದಳು, ಕವರಿನ ಕಟ್ಟು ನೋಡಿದಳು. "ಮಾವ, ಮೂರು ದಿನದಲ್ಲಿ ಇಷ್ಟೇನಾ?" ಅಂದವಳೇ ಬ್ಯಾಗಿನಿಂದ ಹತ್ತು ರೂಪಾಯಿಯ ಜೆಲ್ ಪೆನ್ನು ತೆಗೆದು, ಫ್ಯಾನು ಹಾಕಿಕೊಂಡು, ಚಕ್ಕುಲಿ ತಿನ್ನುತ್ತಾ, ಅತ್ತೆಯ ಜೊತೆ ಸೀರೆಯ ಮಾತಾಡುತ್ತಾ ಸಂಜೆಯೊಳಗೆ ಮುನ್ನೂರ ಅರವತ್ತಮೂರು ಕವರು ಬರೆದು ಮುಗಿಸಿದಳು. ಒಂದು ಶ್ರೀಯೂ ತಪ್ಪಲಿಲ್ಲ. ಅಕ್ಷರ ಸುಮಾರು.

ಕೆಲಸ ಕೈತಪ್ಪಿದ ಮೇಲೂ ಆ ಮೂರು ಶ್ರೀಗಳು ನನ್ನನ್ನು ಬಿಡಲಿಲ್ಲ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರವೊಂದನ್ನು ತಂದು ಮೊನೆಯನ್ನು ನೋಡಿದೆ. ಹತ್ತುಪಟ್ಟು ದೊಡ್ಡದಾಗಿ ಕಂಡಾಗ ಎಲ್ಲವೂ ದೋಷದಂತೆಯೇ ಕಾಣುತ್ತದೆ. ಮೊನೆಯನ್ನು ಅತಿಯಾಗಿ ಉಜ್ಜಿ ನುಣುಪು ಮಾಡಿದರೆ ಸೀಳಿನ ಎರಡೂ ಅಂಚು ಒಳಮುಖವಾಗಿ ದುಂಡಗಾಗುತ್ತವೆ, ಮಸಿ ಆ ತಗ್ಗಿನಲ್ಲಿ ನಿಂತು ಕಾಗದಕ್ಕೆ ಎಟುಕುವುದಿಲ್ಲ. ಪೆನ್ನಿನ ಹುಚ್ಚಿರುವವರು ಈ ಆಕಾರಕ್ಕೆ ಮಗುವಿನ ಅಂಡು ಎಂದೇ ಹೆಸರಿಟ್ಟಿದ್ದಾರೆ. ಶುರುವಿನಲ್ಲಿ ತಪ್ಪುವುದು ಅದರ ಮುಖ್ಯ ಲಕ್ಷಣ. ಇದೇ ಇರಬೇಕೆಂದು ಉಜ್ಜುಕಾಗದದವರೆಗೆ ಕೈ ಹೋಯಿತು. ಅಪ್ಪನ ಟ್ರಂಕು ನೆನಪಾಯಿತು. ಉಜ್ಜಿದ್ದು ಮತ್ತೆ ಬೆಳೆಯುವುದಿಲ್ಲ. ಕ್ಯಾಪು ಹಾಕಿ ಅವೆನ್ಯೂ ರಸ್ತೆಗೆ ಹೊರಟೆ.

ಅಲ್ಲಿ ಒಂದು ಮೆಟ್ಟಿಲ ಸಂದಿಯಲ್ಲಿ ಪೆನ್ನು ರಿಪೇರಿ ಮಾಡುವ ಸಾಬರು ಕೂರುತ್ತಾರೆ. ಸಾಮಾನು ಅಂದರೆ ಒಂದು ಡಬ್ಬ ನೀರು, ಒಂದು ಸೈಕಲ್ ಟ್ಯೂಬಿನ ತುಂಡು, ಒಂದು ತಗಡಿನ ಪೆಟ್ಟಿಗೆ. ಪೆನ್ನನ್ನು ಕೈಗೆ ತೆಗೆದುಕೊಳ್ಳುವ ಮುಂಚೆಯೇ "ನಿಬ್ಬಿಗೆ ಏನಾದ್ರೂ ಮಾಡಿದೀರಾ ಸ್ವಾಮಿ?" ಎಂದು ಕೇಳಿದರು. ಇಲ್ಲ ಅಂದೆ. "ಹಾಗಾದ್ರೆ ಉಳಿಯುತ್ತೆ" ಅಂದರು. ಟ್ಯೂಬಿನ ತುಂಡಿನಲ್ಲಿ ಹಿಡಿದು ನಿಬ್ಬು, ನಾಲಗೆ ಎರಡನ್ನೂ ಒಟ್ಟಿಗೆ ಹೊರಕ್ಕೆಳೆದರು. ನಾಲಗೆಯ ಗೀರಿನಿಂದ ಸೂಜಿಯ ತುದಿಯಲ್ಲಿ ಏನನ್ನೋ ಎಬ್ಬಿಸಿ ನನ್ನ ಅಂಗೈ ಮೇಲಿಟ್ಟರು. ಕಾಗದದ ಒಂದು ಎಳೆ, ಹಳದಿ ಹತ್ತಿತ್ತು. ಅರಿಶಿನ! ಸಿರಿಂಜಿನ ನೀರು ಅದನ್ನು ಇನ್ನೂ ಒಳಕ್ಕೆ ತಳ್ಳಿರಬೇಕು. ಆಮೇಲೆ ಎರಡು ಹೆಬ್ಬೆರಳ ಉಗುರನ್ನು ನಿಬ್ಬಿನ ಎರಡು ಭುಜಗಳಿಗೆ ಕೊಟ್ಟು ಹೊರಕ್ಕೆ ಎಳೆದರೋ ಇಲ್ಲವೋ ಅನ್ನುವ ಹಾಗೆ ಎಳೆದು, ಬೆಳಕಿಗೆ ಹಿಡಿದು ನೋಡಿದರು. "ಬಾಯಿ ಸ್ವಲ್ಪ ಬಿಗಿಯಿತ್ತು. ಮೊನೆಗೇನೂ ಆಗಿಲ್ಲ. ನಿಬ್ಬು ಎಲ್ಲರ ಕಣ್ಣಿಗೂ ಬೀಳುತ್ತೆ ಸ್ವಾಮಿ, ಅದಕ್ಕೇ ಎಲ್ಲರೂ ಅದರ ಮೇಲೇ ಕೈ ಮಾಡ್ತಾರೆ."

ಒಂದು ರಟ್ಟಿನ ತುಂಡಿನ ಮೇಲೆ ಬಲದಿಂದ ಎಡಕ್ಕೆ ಉರ್ದುವಿನಲ್ಲಿ ಏನೋ ಬರೆದು ನೋಡಿ ನನ್ನ ಕೈಗೆ ಕೊಟ್ಟರು. ನಾನು ಎಡದಿಂದ ಬಲಕ್ಕೆ ಶ್ರೀ ಬರೆದೆ. ಪೂರ್ತಿ ಬಂತು. ಪಕ್ಕದ ಅಂಗಡಿಯಲ್ಲಿ ಕಾಫಿ ಕುಡಿದು ಬಂದು, ಬೇಕೆಂದೇ ಐದು ನಿಮಿಷ ಬಿಟ್ಟು, ಮತ್ತೆ ಬರೆದೆ. ಬಂತು. 80 ರೂಪಾಯಿ ಕೇಳಿದರು. ನೂರು ಕೊಟ್ಟರೆ ಇಪ್ಪತ್ತನ್ನು ಎಣಿಸಿ ವಾಪಸು ಕೊಟ್ಟರು.

ಕವರು ಬರೆಯುವ ಕೆಲಸ ಕಳೆದುಕೊಂಡವನಿಗೆ ಮದುವೆಯಲ್ಲಿ ಮುಯ್ಯಿ ಬರೆಯುವ ಬಡ್ತಿ ಸಿಕ್ಕಿತು. ಪತ್ರಿಕೆಯಲ್ಲಿ 'ಆಶೀರ್ವಾದವೇ ಉಡುಗೊರೆ' ಎಂದು ಅಚ್ಚಾಗಿದ್ದರೂ ಛತ್ರದ ಬಾಗಿಲ ಬಳಿ ಒಂದು ಮೇಜು, ಒಂದು ಪುಸ್ತಕ ಇರುವುದು ತಪ್ಪಿದ್ದಲ್ಲ. ಪುಸ್ತಕವನ್ನು ನಾನೇ ಆರಿಸಿ ತಂದಿದ್ದೆ. ಮಿರುಗದ, ಮಸಿ ಹರಡದ, ಒತ್ತಾದ ಹಾಳೆಯದು. ಮೊದಲ ಪುಟದ ನೆತ್ತಿಯ ಮೇಲೆ ಶ್ರೀಕಾರ ಹಾಕಿದೆ. ಎರಡು ಗಂಟೆಯ ಹೊತ್ತು ಹೆಸರುಗಳು ಒಂದರ ಕೆಳಗೊಂದು ಇಳಿಯುತ್ತಾ ಹೋದವು. ಒಂದು ಒತ್ತೂ ಕಲಸಲಿಲ್ಲ, ಒಂದು ಸೊನ್ನೆಯೂ ತುಂಬಿಹೋಗಲಿಲ್ಲ. ಬೀಗರ ಕಡೆಯ ಹಿರಿಯರೊಬ್ಬರು ಬಗ್ಗಿ ನೋಡಿ "ಅಚ್ಚು ಹಾಕಿಸಿದ ಹಾಗಿದೆ" ಅಂದರು. ತಂಗಿಗೆ ಕೇಳಿಸಲಿ ಎಂದು "ಏನಂದಿರಿ?" ಎಂದು ಇನ್ನೊಮ್ಮೆ ಹೇಳಿಸಿದೆ.

ಊಟದ ಹೊತ್ತಿಗೆ ನುಗ್ಗುನುಗ್ಗಲು. ಒಬ್ಬ ಮಹಾಶಯರು ಮುಯ್ಯಿಯ ಕವರು ಹಿಡಿದು ಬಂದವರೇ "ಸ್ವಲ್ಪ ಪೆನ್ನು ಕೊಡಿ, ಹೆಸರು ಬರೆಯೋದು ಮರೆತೆ" ಎಂದು, ನಾನು ಹೂಂ ಅನ್ನುವ ಮುಂಚೆಯೇ ನನ್ನ ಬೆರಳ ನಡುವಿನಿಂದ ಪೆನ್ನು ಎತ್ತಿಕೊಂಡರು. ಕೊಡುವುದಿಲ್ಲ ಎನ್ನಲು ಅವರು ಬೀಗರ ಕಡೆಯವರು. ಕವರನ್ನು ಅಂಗೈ ಮೇಲಿಟ್ಟುಕೊಂಡು, ಬಾಲ್‌ಪೆನ್ನು ಹಿಡಿದ ಹಾಗೆ ನೆಟ್ಟಗೆ ನಿಲ್ಲಿಸಿ ಊರಿದರು. ಬರಲಿಲ್ಲ. ಇನ್ನೂ ಒತ್ತಿದರು. ನನ್ನ ಎದೆಯಲ್ಲಿ ಏನೋ ಲಟಕ್ಕೆಂದಿತು. "ಏನ್ರೀ, ಇಷ್ಟು ದೊಡ್ಡ ಪೆನ್ನು ಇಟ್ಕೊಂಡಿದೀರಿ, ಬರೆಯೋದೇ ಇಲ್ಲವಲ್ಲ" ಅನ್ನುತ್ತಾ ಕೊಡವಲು ಕೈ ಮೇಲೆತ್ತಿದರು. ಎದುರಿಗೆ ನನ್ನ ಹೆಂಡತಿ ಹೊಸ ರೇಷ್ಮೆ ಸೀರೆಯಲ್ಲಿ ನಿಂತಿದ್ದಳು.

ಎತ್ತಿದ ಕೈಯನ್ನು ಹಿಡಿದುಕೊಂಡು ನೋಡಿದರೆ ನಿಬ್ಬು ಕೆಳಗೆ, ನಾಲಗೆ ಮೇಲೆ. ಪೆನ್ನನ್ನು ಅವರ ಬೆರಳುಗಳಲ್ಲೇ ಮೆಲ್ಲಗೆ ತಿರುಗಿಸಿ ಇಟ್ಟೆ.

"ಈಗ ಬರೀರಿ" ಅಂದೆ.